ಅಕ್ಷತೆಗೆ ಮೊದಲೇ ರೀಲು ಬದಲಿಸಿ

ಕಲಬುರಗಿ ಕಡೆ ಮೇ ತಿಂಗಳ ಮದುವೆಯೆಂದರೆ ನಡುಮಧ್ಯಾಹ್ನದ ಅಕ್ಷತೆ, 40 ಡಿಗ್ರಿ ದಾಟಿದ ಬಿಸಿಲು. ಫಿಲ್ಮ್ ರೀಲಿನ ಕ್ಯಾಮೆರಾ ಹಿಡಿದವರಿಗೆ ಎರಡೂ ಪರೀಕ್ಷೆಯೇ.

ಅಕ್ಷತೆ ಬೀಳುವುದು ಕೆಲವೇ ಸೆಕೆಂಡು. 36 ಪಟದ ರೀಲಿನಲ್ಲಿ ಕೌಂಟರ್ ಆಗ 34 ತೋರಿಸುತ್ತಿದ್ದರೆ ಕೆಲಸ ಕೆಟ್ಟಿತು. ಸುತ್ತಿ, ತೆಗೆದು, ಹೊಸದು ಹಾಕಲು ಪಳಗಿದ ಕೈಗೂ ಒಂದು ನಿಮಿಷ ಬೇಕು. ಮಂಗಲಾಷ್ಟಕ ಶುರುವಾಗುವ ಮುನ್ನ ಕೌಂಟರ್ ನೋಡಿ. 25 ದಾಟಿದ್ದರೆ ಉಳಿದ ಪಟಗಳ ಆಸೆ ಬಿಟ್ಟು ಹೊಸ ರೀಲು ಹಾಕಿ. ಹಾಕಿದ ಮೇಲೆ ಸಡಿಲ ಇಲ್ಲದಂತೆ ರಿವೈಂಡ್ ಗುಂಡಿಯನ್ನು ಮೆಲ್ಲಗೆ ಬಿಗಿ ಮಾಡಿ, ಲಿವರ್ ಎಳೆಯಿರಿ. ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಸಿಕ್ಕಿಲ್ಲ. ಇಡೀ ಮದುವೆ ಒಂದೇ ಜಾಗದಲ್ಲಿ ನಿಂತಿರುತ್ತದೆ.

ಬೆಳಕಿನ ಲೆಕ್ಕಕ್ಕೆ ಬರೋಣ. 400 ವೇಗದ (ಐಎಸ್‌ಒ 400) ಕಲರ್ ನೆಗೆಟಿವ್ ರೀಲು ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರನ್ನು 200ಕ್ಕೆ ಇಡಿ. ನೆಗೆಟಿವ್ ಹೆಚ್ಚಿನ ಬೆಳಕನ್ನು ಎರಡು ಸ್ಟಾಪಿನವರೆಗೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಸಲೀಸಾಗಿ ತಾಳಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ಕ್ಷಮಿಸುವುದಿಲ್ಲ. ವಧುವಿನ ಕಡುಹಸಿರು ಸೀರೆಯ ನೆರಿಗೆ, ಬಾಸಿಂಗದ ನೆರಳಲ್ಲಿರುವ ಹಣೆ, ಇವು ರೀಲಿನ ಮೇಲೆ ಮೂಡದಿದ್ದರೆ ಲ್ಯಾಬಿನವರು ಎಲ್ಲಿಂದ ತರಬೇಕು? ಬಿಳಿ ಧೋತರ, ಬಿಳಿ ಅಂಗಿಗಳೇ ತುಂಬಿದ ಚೌಕಟ್ಟಿನಲ್ಲಿ ಮೀಟರ್ ಮೋಸ ಹೋಗಿ ಬೆಳಕು ಕಡಿಮೆ ಮಾಡುತ್ತದೆ. ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು ಅಳೆದು, ಒಂದು ಸ್ಟಾಪ್ ಹೆಚ್ಚು ಕೊಡಿ.

ಹಂದರದ ಬಟ್ಟೆಯನ್ನು ಹಿಂದಿನ ದಿನವೇ ಹೋಗಿ ನೋಡಬೇಕು. ಕೆಂಪು-ಹಳದಿ ಶಾಮಿಯಾನದಲ್ಲಿ ಸೋಸಿ ಬಂದ ಬಿಸಿಲು ಎಲ್ಲರ ಮುಖಕ್ಕೂ ಬಣ್ಣ ಬಳಿಯುತ್ತದೆ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಹಗಲು ಬೆಳಕಿಗೆಂದು ಮಾಡಿದ ರೀಲು ಹೊಂದಿಕೊಳ್ಳುವುದಿಲ್ಲ. ಅಕ್ಷತೆಯ ಜಾಗದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಲು ಮನೆಯವರನ್ನು ಕೇಳಿ. ಅದಾಗದಿದ್ದರೆ ಫ್ಲ್ಯಾಶ್. ಫ್ಲ್ಯಾಶಿನ ಶಕ್ತಿಯ ಅಳತೆಯಾದ ಗೈಡ್ ನಂಬರ್ 36 (100ರ ವೇಗಕ್ಕೆ, ಮೀಟರ್ ಲೆಕ್ಕದಲ್ಲಿ) ಇದ್ದರೆ, ಪೂರ್ತಿ ಶಕ್ತಿಯಲ್ಲಿ 200ರ ಲೆಕ್ಕಕ್ಕೆ ಅದು 51 ಆಗುತ್ತದೆ; ಅದನ್ನು ದೂರದಿಂದ ಭಾಗಿಸಿದರೆ ಲೆನ್ಸಿನ ಎಫ್ ಅಂಕೆ ಸಿಗುತ್ತದೆ: ನಾಲ್ಕೂವರೆ ಮೀಟರ್ ದೂರಕ್ಕೆ ಎಫ್ 11, ಮೂರು ಮೀಟರಿಗೆ ಎಫ್ 16. ಶಟರ್ ವೇಗ ನಿಮ್ಮ ಕ್ಯಾಮೆರಾದ ಸಿಂಕ್ ಮಿತಿ (ಫ್ಲ್ಯಾಶಿಗೆ ಹೊಂದುವ ಗರಿಷ್ಠ ವೇಗ) ದಾಟಬಾರದು. ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ ಅದು 1/60 ಸೆಕೆಂಡು ಮಾತ್ರ. ಮೀರಿದರೆ ಪಟದ ಒಂದು ಭಾಗಕ್ಕೆ ಫ್ಲ್ಯಾಶಿನ ಬೆಳಕೇ ಸಿಗುವುದಿಲ್ಲ, ಮದುಮಗ ಬೆಳಗಿ ಮದುಮಗಳು ಕತ್ತಲಲ್ಲಿ ಉಳಿದಾಳು.

ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ರೀಲು ಬಿಡಲೇಬೇಡಿ. ಕಾವಿಗೆ ಬಣ್ಣ ಜರುಗಿ ಮಂಜು ಕವಿಯುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿಡಿ, ಐಸಿಗೆ ತಾಗದಂತೆ. ಫ್ರಿಜ್ಜಿನಿಂದ ತೆಗೆದದ್ದನ್ನು ಒಂದೂವರೆ ಗಂಟೆ ರೀಲಿನದೇ ಡಬ್ಬಿ ಮುಚ್ಚಿಯೇ ಇಟ್ಟು ಆಮೇಲೆ ಬಿಚ್ಚಿ, ಇಲ್ಲವಾದರೆ ರೀಲಿನ ಮೇಲೆ ತೇವ ಕೂರುತ್ತದೆ. ತೆಗೆದು ಮುಗಿದ ರೀಲಿಗೂ ತಂಪು ಅಷ್ಟೇ ಮುಖ್ಯ. ಬೀಗರ ಊಟದ ಗದ್ದಲದಲ್ಲಿ ಇದನ್ನೇ ಮರೆಯುತ್ತಾರೆ.

ಸುತ್ತಿದ ಕೂಡಲೇ ರೀಲಿನ ಡಬ್ಬಿಯ ಮೇಲೆ ಮಾರ್ಕರಿನಿಂದ ಬರೆಯಿರಿ: 1 ಅರಿಷಿಣ, 2 ಸುರಗಿ, 3 ಅಕ್ಷತೆ. ಲ್ಯಾಬಿಗೆ ಕೊಡುವಾಗ ಕಲರ್ ನೆಗೆಟಿವಿನ ಮಾಮೂಲಿ ಸಿ-41 ತೊಳೆತ ಸಾಕೆಂದು ಹೇಳಿ. 200ಕ್ಕೆ ತೆಗೆದದ್ದೆಂದು ಅವರು ತೊಳೆಯುವ ಸಮಯ ಕಡಿಮೆ ಮಾಡಬಾರದು.