ಅನ್‌ಪೇರ್ ಅಂದರೆ ಏನು? ಹೆಲ್ತ್ ಆ್ಯಪ್‌ನಲ್ಲಿ ಉಳಿದುಹೋದ ಹಳೆಯ ವಾಚ್, ಬ್ಯಾಂಡ್‌ಗಳ ಬಗ್ಗೆ

ಫೋನಿನ ಹೆಲ್ತ್ ಆ್ಯಪ್ ತೆರೆದು ಸಾಧನಗಳ ಲಿಸ್ಟ್‌ಗೆ ಒಮ್ಮೆ ಹೋಗಿ ನೋಡಿ. ಪಟ್ಟಿ ಹರಿದು ಮೂಲೆ ಸೇರಿದ ಬ್ಯಾಂಡ್, ಬೇರೆಯವರಿಗೆ ಕೊಟ್ಟ ವಾಚ್, ಈಗಿನದಕ್ಕಿಂತ ಮೊದಲಿದ್ದ ಫೋನ್, ನಾಲ್ಕು ದಿನ ಬಳಸಿ ಬಿಟ್ಟ ತೂಕದ ಮಷಿನ್, ಎಲ್ಲದರ ಹೆಸರೂ ಅಲ್ಲಿ ಇನ್ನೂ ಇರುತ್ತದೆ. ತೆಗೆಯೋಣ ಅಂತ ಹೊರಟರೆ ಒಂದು ಕಡೆ ‘ಅನ್‌ಪೇರ್’ ಅಂತ ಇರುತ್ತದೆ, ಇನ್ನೊಂದು ಕಡೆ ‘ಫರ್ಗೆಟ್’, ಮತ್ತೊಂದು ಕಡೆ ‘ರಿಮೂವ್’, ಇನ್ನೂ ಕೆಳಗೆ ಹೋದರೆ ‘ಡಿಲೀಟ್’. ಎಲ್ಲವೂ ಒಂದೇ ಅಂದುಕೊಂಡು ಯಾವುದೋ ಒಂದನ್ನು ಒತ್ತಿದರೆ ಒಂದೋ ಹೆಸರು ಅಲ್ಲೇ ಉಳಿಯುತ್ತದೆ, ಇಲ್ಲಾ ವರ್ಷಗಟ್ಟಲೆ ಕೂಡಿಟ್ಟ ಎದೆಬಡಿತ, ನಿದ್ದೆಯ ಲೆಕ್ಕ ಹೋಗಿಬಿಡುತ್ತದೆ. ಎರಡನೆಯದು ಯಾರಿಗೂ ಆಗಬಾರದು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಜೋಡಿಸಿದ್ದನ್ನು ಬಿಡಿಸುವುದೇ ಅನ್‌ಪೇರ್. ಆದರೆ ವಾಚ್ ನಿಮ್ಮ ಫೋನಿಗೆ ಒಂದೇ ಕಡೆ ಜೋಡಣೆಯಾಗಿರುವುದಿಲ್ಲ. ಬ್ಲೂಟೂತ್‌ನಲ್ಲಿ ಒಂದು ಜೋಡಣೆ. ವಾಚ್ ಕಂಪನಿಯ ಆ್ಯಪ್ ಮತ್ತು ಅಕೌಂಟ್‌ನಲ್ಲಿ ಇನ್ನೊಂದು. ಎಲ್ಲ ಆ್ಯಪ್‌ಗಳ ಲೆಕ್ಕ ಬಂದು ಸೇರುವ ಹೆಲ್ತ್ ಆ್ಯಪ್‌ನಲ್ಲಿ ಮೂರನೆಯದು. ಒಂದನ್ನು ಬಿಡಿಸಿದರೆ ಉಳಿದವು ತಾವಾಗಿ ಬಿಟ್ಟುಕೊಳ್ಳುವುದಿಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಮೊದಲು ಬ್ಲೂಟೂತ್. ವಾಚ್ ಮತ್ತು ಫೋನ್ ಮೊದಲ ಸಲ ಸೇರುವಾಗ ಎರಡೂ ಕಡೆ 6 ಅಂಕಿಯ ನಂಬರ್ ತೋರಿಸಿ ‘ಇದೇ ತಾನೇ?’ ಅಂತ ಕೇಳುವುದನ್ನು ನೋಡಿರುತ್ತೀರಿ. ಆ ಹೊತ್ತಿನಲ್ಲಿ ಎರಡೂ ಸೇರಿ ಒಂದು ಗುಟ್ಟಿನ ಕೀ ಮಾಡಿಕೊಳ್ಳುತ್ತವೆ. ಮುಂದೆ ಹೋಗಿಬರುವ ಮಾಹಿತಿಯನ್ನು ಬೇರೆಯವರು ಓದದ ಹಾಗೆ ಕಾಯುವುದು ಇದೇ ಕೀ. ಈ ಮೊದಲ ಮಾತುಕತೆಗೆ ಪೇರಿಂಗ್ ಅನ್ನುತ್ತಾರೆ. ಆಗ ಸಿಕ್ಕ ಕೀಯನ್ನು ಎರಡೂ ಕಡೆ ಉಳಿಸಿಕೊಳ್ಳುವುದಕ್ಕೆ ತಂತ್ರಜ್ಞರ ಹೆಸರು ಬಾಂಡಿಂಗ್. ಮಾರನೇ ದಿನ ವಾಚ್ ಏನೂ ಕೇಳದೆ ಸುಮ್ನೆ ಕನೆಕ್ಟ್ ಆಗುತ್ತದಲ್ವಾ, ಅದು ಬಾಂಡಿಂಗ್‌ನಿಂದ. ನಾವು ಮಾತಿನಲ್ಲಿ ಎರಡನ್ನೂ ಸೇರಿಸಿ ಪೇರ್ ಅಂತಲೇ ಹೇಳುತ್ತೇವೆ, ಅದರಿಂದ ತೊಂದರೆ ಏನೂ ಇಲ್ಲ.

ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ‘ಫರ್ಗೆಟ್’ ಒತ್ತಿದಾಗ ಅಳಿಯುವುದು ಫೋನಿನ ಹತ್ತಿರ ಇದ್ದ ಕೀ ಮಾತ್ರ. ವಾಚ್ ಹತ್ತಿರ ಇದ್ದದ್ದು ಎಷ್ಟೋ ಸಲ ಹಾಗೇ ಉಳಿಯುತ್ತದೆ. ಅದು ಹಳೆಯ ಕೀ ಹಿಡಿದುಕೊಂಡು ಬರುತ್ತದೆ, ಫೋನ್ ಗುರುತೇ ಇಲ್ಲ ಅನ್ನುತ್ತದೆ, ಮತ್ತೆ ಜೋಡಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ವಾಚ್ ಕೆಟ್ಟಿದೆ ಅಂತ ತುಂಬಾ ಜನ ತೀರ್ಮಾನ ಮಾಡುವುದು ಈ ಹಂತದಲ್ಲಿ. ಕೆಟ್ಟಿರುವುದಿಲ್ಲ. ವಾಚ್ ಕಡೆಯಿಂದಲೂ ಜೋಡಣೆ ತೆಗೆದರೆ, ಇಲ್ಲವೇ ರಿಸೆಟ್ ಮಾಡಿದರೆ ಮೊದಲಿನ ಹಾಗೆ ಜೋಡಣೆಯಾಗುತ್ತದೆ.

ಈ ಕೀ ಜೊತೆ ಇನ್ನೊಂದು ಗುಟ್ಟೂ ಹಂಚಿಕೆಯಾಗಿರುತ್ತದೆ. ನಮ್ಮ ಓಡಾಟವನ್ನು ಬೇರೆಯವರು ಹಿಂಬಾಲಿಸಬಾರದು ಅಂತ ಎಷ್ಟೋ ಸಾಧನಗಳು ತಮ್ಮ ಬ್ಲೂಟೂತ್ ವಿಳಾಸವನ್ನು ಸುಮಾರು 15 ನಿಮಿಷಕ್ಕೊಮ್ಮೆ ಬದಲಾಯಿಸುತ್ತಿರುತ್ತವೆ. ಹಾಗೆ ಬದಲಾದರೂ ಇದು ನಮ್ಮದೇ ವಾಚ್ ಅಂತ ಫೋನ್ ಗುರುತು ಹಿಡಿಯುವುದು ಪೇರ್ ಆದಾಗ ಸಿಕ್ಕ ಆ ಇನ್ನೊಂದು ಕೀಯಿಂದ. ಅನ್‌ಪೇರ್ ಮಾಡಿದ ಮೇಲೆ ಪಕ್ಕದಲ್ಲೇ ಇದ್ದರೂ ಫೋನಿಗೆ ಅದು ಯಾರದೋ ಸಾಧನ.

ಹಾಗಂತ ಎಲ್ಲ ಸಾಧನಕ್ಕೂ ಇಷ್ಟೆಲ್ಲ ಇರುವುದಿಲ್ಲ. ಓಡುವವರು, ಸೈಕಲ್ ಹೊಡೆಯುವವರು ಎದೆಗೆ ಕಟ್ಟಿಕೊಳ್ಳುವ ಎದೆಬಡಿತದ ಪಟ್ಟಿಗಳಲ್ಲಿ ಹಲವು ಕೀ ಗೀ ಏನೂ ಇಟ್ಟುಕೊಳ್ಳುವುದಿಲ್ಲ. ಯಾರು ಕೇಳಿದರೂ ಬಡಿತದ ಲೆಕ್ಕ ಕೊಡುತ್ತವೆ. ಇಂಥದ್ದನ್ನು ಫೋನಿನ ಬ್ಲೂಟೂತ್ ಲಿಸ್ಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕಂದರೆ ಅದನ್ನು ನೆನಪಿಟ್ಟುಕೊಂಡಿರುವುದು ವ್ಯಾಯಾಮದ ಆ್ಯಪ್. ತೆಗೆಯಬೇಕಾದ್ದೂ ಆ ಆ್ಯಪ್‌ನಲ್ಲೇ.

ಹೊಸ ಫೋನ್ ತಗೊಂಡವರು ಒದ್ದಾಡುವ ಇನ್ನೊಂದು ಸಂಗತಿ ಇದೆ. ವಾಚ್ ಆನ್ ಇದೆ, ಚಾರ್ಜ್ ಇದೆ, ಆದರೂ ಹೊಸ ಫೋನಿನಲ್ಲಿ ಎಷ್ಟು ಹುಡುಕಿದರೂ ಕಾಣುತ್ತಿಲ್ಲ. ಹೀಗಾದರೆ ಮೊದಲು ಹಳೆಯ ಫೋನ್ ಎಲ್ಲಿದೆ ನೋಡಿ. ಅದು ಪಕ್ಕದ ರೂಮಿನಲ್ಲಿ ಬ್ಲೂಟೂತ್ ಆನ್ ಆಗಿ ಕೂತಿದ್ದರೆ ವಾಚ್ ಹೋಗಿ ಅದನ್ನೇ ಹಿಡಿದುಕೊಂಡಿರುತ್ತದೆ. ಹೆಚ್ಚಿನ ವಾಚ್, ಬ್ಯಾಂಡ್‌ಗಳು ಒಂದು ಸಲಕ್ಕೆ ಒಂದೇ ಫೋನಿಗೆ ಕನೆಕ್ಟ್ ಆಗುತ್ತವೆ, ಕನೆಕ್ಟ್ ಆದ ಮೇಲೆ ‘ನಾನಿಲ್ಲಿದ್ದೇನೆ’ ಅಂತ ಬೇರೆಯವರಿಗೆ ತೋರಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ. ಹಳೆಯ ಫೋನಿನಲ್ಲಿ ಬ್ಲೂಟೂತ್ ಆಫ್ ಮಾಡಿ ಹುಡುಕಿ, ಕಾಣಬಹುದು. ಆದರೆ ಆಫ್ ಮಾಡುವುದು, ‘ಡಿಸ್‌ಕನೆಕ್ಟ್’ ಒತ್ತುವುದು, ಇವು ಆ ಹೊತ್ತಿಗೆ ಮಾತ್ರ. ಕೀ ಉಳಿದಿರುವವರೆಗೆ ವಾಚ್ ಮತ್ತೆ ಅಲ್ಲಿಗೇ ಹೋಗಬಹುದು.

ಎರಡನೇ ಜೋಡಣೆ ಕಂಪನಿಯ ಆ್ಯಪ್‌ನದು. ಫಿಟ್‌ಬಿಟ್, ಗಾರ್ಮಿನ್ ಕನೆಕ್ಟ್, ಸ್ಯಾಮ್‌ಸಂಗ್ ಹೆಲ್ತ್, ಇಂಥವುಗಳಲ್ಲಿ ನಿಮ್ಮ ಹೆಸರಿನ ಅಕೌಂಟ್‌ಗೆ ಸಾಧನ ಸೇರಿರುತ್ತದೆ. ಬ್ಲೂಟೂತ್‌ನಲ್ಲಿ ಫರ್ಗೆಟ್ ಮಾಡಿದರೂ ಅಕೌಂಟ್‌ನಲ್ಲಿ ಅದು ನಿಮ್ಮದಾಗಿಯೇ ಇರುತ್ತದೆ. ಇಲ್ಲಿ ‘ರಿಮೂವ್ ಡಿವೈಸ್’ ಅಂತ ತೆಗೆಯಬೇಕು. ಹೀಗೆ ತೆಗೆದರೆ ಹಳೆಯ ಲೆಕ್ಕ ಹೋಗುತ್ತದಾ ಅಂತ ಭಯ ಇರುತ್ತದೆ. ಫಿಟ್‌ಬಿಟ್, ಗಾರ್ಮಿನ್‌ಗಳಲ್ಲಿ ಈಗಾಗಲೇ ಸಿಂಕ್ ಆದದ್ದು, ಅಂದರೆ ಸಾಧನದಿಂದ ಆ್ಯಪ್‌ಗೆ ಬಂದು ಸೇರಿದ್ದು, ಅಕೌಂಟ್‌ನಲ್ಲೇ ಉಳಿಯುತ್ತದೆ. ಹೋಗುವುದು ಸಿಂಕ್ ಆಗದೆ ಸಾಧನದೊಳಗೇ ಉಳಿದದ್ದು. ಫಿಟ್‌ಬಿಟ್ ಬ್ಯಾಂಡ್‌ಗಳು ನಿಮಿಷ ನಿಮಿಷದ ವಿವರವನ್ನು ಸಾಮಾನ್ಯವಾಗಿ 7 ದಿನದವರೆಗೆ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಹಾಗಾಗಿ ತೆಗೆಯುವ ಮುಂಚೆ ಒಂದು ಸಲ ಸಿಂಕ್ ಮಾಡಿ. ಈ ಒಂದು ಹೆಜ್ಜೆ ಮಾತ್ರ ದಯವಿಟ್ಟು ಬಿಡಬೇಡಿ.

ಆಪಲ್ ವಾಚ್ ವಿಷಯ ಸ್ವಲ್ಪ ಬೇರೆ. ಐಫೋನಿನ ವಾಚ್ ಆ್ಯಪ್‌ನಲ್ಲಿ ‘ಅನ್‌ಪೇರ್ ಆಪಲ್ ವಾಚ್’ ಒತ್ತಿದರೆ ಒಂದೇ ಒತ್ತಿಗೆ ಹಲವು ಕೆಲಸ ಆಗುತ್ತದೆ. ವಾಚ್‌ನಲ್ಲಿರುವುದರ ಬ್ಯಾಕಪ್ ಐಫೋನಿಗೆ ಬರುತ್ತದೆ, ವಾಚ್ ಪೂರ್ತಿ ಖಾಲಿಯಾಗುತ್ತದೆ, ಆಪಲ್ ಅಕೌಂಟ್‌ನ ಪಾಸ್‌ವರ್ಡ್ ಕೊಟ್ಟರೆ ‘ಆ್ಯಕ್ಟಿವೇಶನ್ ಲಾಕ್’ ಕೂಡ ಬಿಟ್ಟುಹೋಗುತ್ತದೆ. ಈ ಲಾಕ್ ಇರುವುದು ಕದ್ದ ವಾಚ್ ಯಾರಿಗೂ ಉಪಯೋಗಕ್ಕೆ ಬರಬಾರದು ಅಂತ. ವಾಚ್‌ನೊಳಗೇ ಹೋಗಿ ಬರೀ ರಿಸೆಟ್ ಮಾಡಿದರೆ ಅದು ಖಾಲಿಯಾಗುತ್ತದೆ ನಿಜ, ಆದರೆ ಲಾಕ್ ಹಾಗೇ ಇರುತ್ತದೆ. ಅದನ್ನು ಪಡೆದವರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಕೈಯಲ್ಲಿ ಈಗ ವಾಚ್ ಇಲ್ಲ, ಐಫೋನೂ ಬದಲಾಗಿದೆ ಅಂದರೂ ಐಕ್ಲೌಡ್ ವೆಬ್‌ಸೈಟ್‌ಗೆ ಹೋಗಿ ಅಲ್ಲಿಂದ ಅಳಿಸಿ ಅಕೌಂಟ್‌ನಿಂದ ತೆಗೆಯಬಹುದು. ಕಳೆದುಹೋದ ವಾಚ್ ಆದರೆ ಮಾತ್ರ ಅವಸರ ಬೇಡ. ಅಕೌಂಟ್‌ನಿಂದ ತೆಗೆದರೆ ಲಾಕ್ ತೆಗೆದು ಕಳ್ಳನಿಗೆ ಕೊಟ್ಟ ಹಾಗೆ. ಕಳೆದ ಸಾಧನ ಹುಡುಕುವ ಆಪಲ್‌ನ ‘ಫೈಂಡ್ ಮೈ’ನಲ್ಲಿ ಕಳೆದಿದೆ ಅಂತ ಗುರುತು ಹಾಕಿ ಬಿಡಿ.

ಈಗ ಮೂರನೆಯದು. ನನ್ನ ಪ್ರಕಾರ ಜನಕ್ಕೆ ಜಾಸ್ತಿ ಅರ್ಥವಾಗದೆ ಉಳಿದಿರುವುದು ಇದೇ. ಐಫೋನಿನಲ್ಲಿ 2014ರಲ್ಲಿ ಐಓಎಸ್ 8ರ ಜೊತೆ ಬಂದ ಹೆಲ್ತ್ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್ ಇದೆ, 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಅದು ಫೋನಿನ ಭಾಗವೇ ಆಗಿದೆ. ಹೆಜ್ಜೆ, ನಿದ್ದೆ, ತೂಕ, ಬಿಪಿ ಎಲ್ಲವನ್ನೂ ಬೇರೆ ಬೇರೆ ಕಡೆಯಿಂದ ತಂದು ಒಂದು ಕಡೆ ಇಡುವುದು ಇವುಗಳ ಕೆಲಸ. ಒಳಗೆ ಬರುವ ಪ್ರತಿ ಲೆಕ್ಕದ ಮೇಲೂ ಇದು ಎಲ್ಲಿಂದ ಬಂತು ಅನ್ನುವ ಗುರುತು ಇರುತ್ತದೆ. ಅದನ್ನೇ ‘ಸೋರ್ಸ್’ ಅನ್ನುವುದು. ಹಳೆಯ ವಾಚ್ ಹೋದರೂ ಅದು ಅಳೆದ ಲೆಕ್ಕ ಉಳಿದಿದೆ ಅಂದಮೇಲೆ ಸೋರ್ಸ್ ಹೆಸರೂ ಉಳಿಯಲೇಬೇಕು. ಅನ್‌ಪೇರ್ ಮಾಡಿದರೂ ಹೆಸರು ಹೋಗಲಿಲ್ಲ ಅನ್ನುವ ದೂರಿಗೆ ಉತ್ತರ ಇದು. ಆ ಹೆಸರು ಈಗ ಜೋಡಣೆಯಲ್ಲಿರುವ ಸಾಧನದ್ದಲ್ಲ, ಹಳೆಯ ದಾಖಲೆಗಳ ಮೇಲಿನ ಗುರುತು.

ಹಳೆಯ ಹೆಸರು ಲಿಸ್ಟ್‌ನಲ್ಲಿ ಇರುವುದರಿಂದ ಇವತ್ತಿನ ಹೆಜ್ಜೆ ಲೆಕ್ಕ ಎರಡೆರಡು ಸಲ ಆಗುತ್ತದಾ? ಆಗುವುದಿಲ್ಲ. ಕಳಿಸುವುದನ್ನೇ ನಿಲ್ಲಿಸಿದ ಸಾಧನದಿಂದ ಇವತ್ತಿನ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಜೇಬಿನಲ್ಲಿ ಫೋನ್, ಕೈಯಲ್ಲಿ ವಾಚ್ ಇದ್ದು ಎರಡೂ ಎಣಿಸುತ್ತಿದ್ದರೂ ಈ ಆ್ಯಪ್‌ಗಳು ಎರಡನ್ನೂ ಸುಮ್ಮನೆ ಕೂಡುವುದಿಲ್ಲ. ಒಂದೇ ಹೊತ್ತಿನ ಲೆಕ್ಕ ಎರಡು ಕಡೆಯಿಂದ ಬಂದರೆ ಯಾವುದಕ್ಕೆ ಆದ್ಯತೆ ಇದೆಯೋ ಅದನ್ನು ತಗೊಳ್ಳುತ್ತವೆ. ಆಪಲ್ ಹೆಲ್ತ್‌ನಲ್ಲಿ ನೀವೇ ಕೈಯಾರೆ ಬರೆದದ್ದು ಮೊದಲು, ಆಮೇಲೆ ಐಫೋನ್ ಮತ್ತು ಆಪಲ್ ವಾಚ್, ಕೊನೆಗೆ ಬೇರೆ ಆ್ಯಪ್‌ಗಳು ಮತ್ತು ಬ್ಲೂಟೂತ್ ಸಾಧನಗಳು. ಈ ಸಾಲನ್ನು ಬದಲಾಯಿಸಬಹುದು. ಹೆಜ್ಜೆಯ ಪುಟದ ಕೆಳಗಿರುವ ‘ಡೇಟಾ ಸೋರ್ಸಸ್ ಆ್ಯಂಡ್ ಆ್ಯಕ್ಸೆಸ್’ಗೆ ಹೋಗಿ ‘ಎಡಿಟ್’ ಒತ್ತಿ, ಬೇಕಾದ ಹೆಸರನ್ನು ಮೇಲಕ್ಕೆ ಎಳೆಯಿರಿ. ಬೇಡದ ಸೋರ್ಸ್‌ನ ಟಿಕ್ ತೆಗೆದರೆ ಅದು ಲೆಕ್ಕಕ್ಕೆ ಬರುವುದು ನಿಲ್ಲುತ್ತದೆ, ಹಳೆಯ ದಾಖಲೆ ಏನೂ ಅಳಿಯುವುದಿಲ್ಲ. ಹೆಲ್ತ್ ಕನೆಕ್ಟ್‌ನಲ್ಲೂ ಚಟುವಟಿಕೆ ಮತ್ತು ನಿದ್ದೆಗೆ ಇಂಥದ್ದೇ ಆದ್ಯತೆಯ ಲಿಸ್ಟ್ ಇದೆ.

ನಿಜವಾಗಿ ಲೆಕ್ಕ ಕೆಡುವುದು ಹಳೆಯ ಸಾಧನ ಇನ್ನೂ ಬದುಕಿದ್ದಾಗ. ಹಳೆಯ ಫೋನನ್ನು ಮನೆಯಲ್ಲಿ ಇನ್ನೊಬ್ಬರಿಗೆ ಕೊಟ್ಟಿರುತ್ತೀರಿ, ಅದರಲ್ಲಿ ನಿಮ್ಮ ಅಕೌಂಟ್ ಲಾಗಿನ್ ಹಾಗೇ ಇರುತ್ತದೆ, ಹೆಲ್ತ್ ಸಿಂಕ್ ಕೂಡ ಆನ್ ಇರುತ್ತದೆ. ಅವರು ನಡೆದ ಹೆಜ್ಜೆ ನಿಮ್ಮ ಖಾತೆಗೆ ಬರುತ್ತದೆ. ನೀವು ಕೂತಿದ್ದ ಹೊತ್ತಿನಲ್ಲಿ ನಡೆದಂತೆ ಗ್ರಾಫ್ ಏಳುತ್ತದೆ. ಇಲ್ಲಿ ನಿಮ್ಮ ಫೋನಿನಲ್ಲಿ ಹೆಸರು ತೆಗೆದು ಪ್ರಯೋಜನ ಇಲ್ಲ, ಆ ಫೋನಿನಲ್ಲೇ ಲಾಗ್‌ಔಟ್ ಮಾಡಬೇಕು, ಇಲ್ಲಾ ಹೆಲ್ತ್ ಸಿಂಕ್ ಆಫ್ ಮಾಡಬೇಕು. ಕೊಟ್ಟುಬಿಟ್ಟ ತೂಕದ ಮಷಿನ್ ನಿಮ್ಮ ಅಕೌಂಟ್‌ನಲ್ಲೇ ಉಳಿದು ವೈಫೈ ಮೂಲಕ ಲೆಕ್ಕ ಕಳಿಸುತ್ತಿದ್ದರೂ ಇದೇ ಕತೆ, ಬೇರೆಯವರ ತೂಕ ನಿಮ್ಮ ಗ್ರಾಫಿನಲ್ಲಿ. ವೈದ್ಯರಿಗೆ ಅದೇ ಗ್ರಾಫ್ ತೋರಿಸುವವರಿದ್ದಾರೆ, ಹಾಗಾಗಿ ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಆ್ಯಪ್‌ನಿಂದ ಆ್ಯಪ್‌ಗೆ ಕೊಟ್ಟ ಅನುಮತಿಯೂ ಹೀಗೇ ಉಳಿಯುತ್ತದೆ. ಯಾವುದೋ ಓಟದ ಆ್ಯಪ್‌ಗೆ ನಿಮ್ಮ ವಾಚ್ ಅಕೌಂಟ್ ಜೋಡಿಸಿರುತ್ತೀರಿ. ಆ ಜೋಡಣೆ ಇರುವುದು ಎರಡು ಕಂಪನಿಗಳ ಸರ್ವರ್ ನಡುವೆ. ಫೋನಿನಿಂದ ಆ್ಯಪ್ ಅಳಿಸಿದರೂ ಅದು ನಡೆಯುತ್ತಲೇ ಇರಬಹುದು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಟೆಡ್ ಆ್ಯಪ್ಸ್’ ಥರದ ಜಾಗ ಹುಡುಕಿ ಅಲ್ಲಿ ಬಿಡಿಸಬೇಕು.

ಇನ್ನು ‘ಡಿಲೀಟ್’ ಬಗ್ಗೆ. ಆಪಲ್ ಹೆಲ್ತ್‌ನಲ್ಲಿ ನಿಮ್ಮ ಫೋಟೋ ಒತ್ತಿ ‘ಡಿವೈಸಸ್’ಗೆ ಹೋದರೆ, ಒಂದೊಂದು ಸಾಧನದ ಒಳಗೆ ಅದು ಕೊಟ್ಟ ಡೇಟಾ ಪೂರ್ತಿ ಅಳಿಸುವ ಆಯ್ಕೆ ಸಿಗುತ್ತದೆ. ಅದು ಅನ್‌ಪೇರ್ ಅಲ್ಲವೇ ಅಲ್ಲ. ಆ ವಾಚ್ ಕಟ್ಟಿದ್ದಷ್ಟು ಕಾಲದ ಎದೆಬಡಿತ, ನಿದ್ದೆ, ವ್ಯಾಯಾಮ ಎಲ್ಲ ಹೋಗುತ್ತದೆ. ಐಕ್ಲೌಡ್ ಸಿಂಕ್ ಇದ್ದರೆ ನಿಮ್ಮ ಬೇರೆ ಸಾಧನಗಳಿಂದಲೂ ಹೋಗುತ್ತದೆ. ಲಿಸ್ಟ್ ಚೊಕ್ಕವಾಗಿ ಕಾಣಲಿ ಅಂತ ಮಾತ್ರ ಇದನ್ನು ಮಾಡಬೇಡಿ. ವಿಶ್ರಾಂತಿಯಲ್ಲಿರುವಾಗಿನ ಎದೆಬಡಿತ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಅನ್ನುವುದನ್ನು ಇನ್ನೊಮ್ಮೆ ಅಳೆಯಲು ಆಗುವುದಿಲ್ಲ. ಬೇರೆಯವರ ಲೆಕ್ಕ ಸೇರಿಕೊಂಡಿದ್ದರೆ, ತಪ್ಪು ತೋರಿಸುತ್ತಿದ್ದ ಮಷಿನ್ ಆಗಿದ್ದರೆ ಅಳಿಸುವುದು ಸರಿ. ಆಗಲೂ ಮೊದಲು ‘ಎಕ್ಸ್‌ಪೋರ್ಟ್ ಆಲ್ ಹೆಲ್ತ್ ಡೇಟಾ’ ಒತ್ತಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಜಿಪ್ ಫೈಲ್ ಆಗಿ ಸಿಗುತ್ತದೆ.

ಹಾಗಾದರೆ ಯಾವ ಕ್ರಮದಲ್ಲಿ ತೆಗೆಯಬೇಕು? ಸಾಧನ ಕೈಯಲ್ಲೇ ಇದ್ದರೆ ಮೊದಲು ಚಾರ್ಜ್ ಮಾಡಿ, ಸಿಂಕ್ ಮಾಡಿ. ಆಮೇಲೆ ಕಂಪನಿಯ ಆ್ಯಪ್‌ನಿಂದ ತೆಗೆಯಿರಿ. ನಂತರ ಫೋನಿನ ಬ್ಲೂಟೂತ್ ಲಿಸ್ಟ್ ನೋಡಿ, ಅಲ್ಲಿ ಇನ್ನೂ ಇದ್ದರೆ ಫರ್ಗೆಟ್ ಮಾಡಿ. ಕೊನೆಗೆ ಸಾಧನವನ್ನೇ ರಿಸೆಟ್ ಮಾಡಿ. ಬ್ಲೂಟೂತ್‌ನಿಂದ ಶುರು ಮಾಡಿದರೆ ಸಿಂಕ್ ಆಗುವ ದಾರಿಯೇ ಮುಚ್ಚಿಹೋಗುತ್ತದೆ, ಅದಕ್ಕೇ ಈ ಕ್ರಮ. ಸಾಧನ ಸತ್ತುಹೋಗಿದ್ದರೆ ಆ್ಯಪ್‌ನಿಂದ, ಬ್ಲೂಟೂತ್‌ನಿಂದ ತೆಗೆದರೆ ಸಾಕು.

ಬಿಪಿ ಮಷಿನ್ ಕೊಡುವವರು ಇನ್ನೊಂದು ಕೆಲಸ ಮಾಡಬೇಕು. ಹೆಚ್ಚಿನವು ಅಳೆದದ್ದನ್ನು ತಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತವೆ. ಫೋನಿನಲ್ಲಿ ಏನೆಲ್ಲ ಬಿಡಿಸಿದರೂ ಆ ಮೆಮೊರಿ ಹಾಗೇ ಇರುತ್ತದೆ, ಮುಂದಿನವರು ತಮ್ಮ ಫೋನಿಗೆ ಜೋಡಿಸಿದಾಗ ನಿಮ್ಮ ಬಿಪಿ ಅವರ ಆ್ಯಪ್‌ಗೆ ಇಳಿಯಬಹುದು. ಮಷಿನ್ ಮೇಲಿನ ಬಟನ್‌ಗಳಿಂದಲೇ ಮೆಮೊರಿ ಅಳಿಸುವುದು ಹೇಗೆ ಅಂತ ಅದರ ಕೈಪಿಡಿಯಲ್ಲಿ ಇರುತ್ತದೆ, ಅದನ್ನು ನೋಡಿ ಅಳಿಸಿ ಕೊಡಿ.