ರ‍್ಯಾನ್ಸಮ್‌ವೇರ್ ಒಳಗೆ ಬರೋದು ಹೇಗೆ? ಎಲ್ಲ ಸಲವೂ ಕ್ಲಿಕ್ ಮಾಡಿದವರ ತಪ್ಪಲ್ಲ

ಆಫೀಸಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯೋಕೆ ಹಣ ಕೇಳೋ ಸಾಫ್ಟ್‌ವೇರ್) ಬಂತು ಅಂದ ತಕ್ಷಣ ಶುರುವಾಗೋದು ಒಂದೇ ವಿಚಾರಣೆ: ಆ ಮೇಲ್ ತೆರೆದವರು ಯಾರು? ಪಾಪ, ಯಾರೋ ಒಬ್ಬ ಗುಮಾಸ್ತರ ತಲೆಗೆ ಅದು ಬರುತ್ತೆ. ಆದರೆ ಇದರ ಇತಿಹಾಸ ನೋಡಿದರೆ ಕಥೆ ಬೇರೆಯೇ ಇದೆ.

ಶುರುವಾಗಿದ್ದು 1989ರಲ್ಲಿ, ಅಂಚೆಯಲ್ಲಿ. ಏಡ್ಸ್ ಬಗ್ಗೆ ಮಾಹಿತಿ ಇದೆ ಅಂತ ಸುಮಾರು 20,000 ಫ್ಲಾಪಿಗಳು ಹಲವು ದೇಶಗಳಿಗೆ ಹೋದವು. ಆರೋಪ ಬಂದಿದ್ದು ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿಯ ಮೇಲೆ. ಫ್ಲಾಪಿ ಹಾಕಿದ ಮೇಲೆ ಕಂಪ್ಯೂಟರ್ ಸುಮಾರು 90 ಸಲ ಆನ್ ಆಗುವವರೆಗೆ ಏನೂ ಆಗುತ್ತಿರಲಿಲ್ಲ, ಆಮೇಲೆ ಫೈಲ್‌ಗಳ ಹೆಸರೆಲ್ಲ ಕಲಸಿಹೋಗಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅನ್ನೋ ಸಂದೇಶ ಬರುತ್ತಿತ್ತು.

2013ರ ಕ್ರಿಪ್ಟೋಲಾಕರ್ ಮೇಲ್‌ನ ಅಟ್ಯಾಚ್‌ಮೆಂಟ್‌ನಲ್ಲಿ ಬಂತು. ಬೀಗ ತೆಗೆಯೋ ಕೀ ಕಳ್ಳರ ಸರ್ವರ್‌ನಲ್ಲೇ ಉಳಿಯುತ್ತಿತ್ತು, ಹಣವನ್ನು ಬಿಟ್‌ಕಾಯಿನ್‌ನಲ್ಲೂ ಕೇಳುತ್ತಿದ್ದರು. ಕ್ಲಿಕ್ ಮಾಡಬೇಡಿ ಅನ್ನೋ ಬುದ್ಧಿಮಾತು ಈ ಕಾಲಕ್ಕೆ ಸರಿಯಾಗಿಯೇ ಇತ್ತು.

ಮೇ 12, 2017ರಂದು ವನ್ನಾಕ್ರೈ ಬಂದಾಗ ಆ ಮಾತು ಸಾಲದೇ ಹೋಯಿತು. ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯಲ್ಲಿ ಒಂದು ತೂತಿತ್ತು. ಅದರಲ್ಲಿ ನುಗ್ಗೋ ಎಟರ್ನಲ್‌ಬ್ಲೂ ಎಂಬ ಉಪಕರಣ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕೈಯಲ್ಲಿತ್ತು, ಏಪ್ರಿಲ್‌ನಲ್ಲಿ ಅದು ಬಯಲಿಗೆ ಬಿತ್ತು. ಅದನ್ನೇ ಬಳಸಿ ವನ್ನಾಕ್ರೈ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹಾರಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ! ಸುಮಾರು 150 ದೇಶಗಳು, 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ರದ್ದಾದವು. ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲಿ: ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಅದನ್ನು ಹಾಕದೆ ಕೂತಿದ್ದು ಗುಮಾಸ್ತರಲ್ಲ, ಅಲ್ವಾ?

ಮುಂದಿನ ತಿಂಗಳೇ ನಾಟ್‌ಪೆಟ್ಯಾ ಬಂತು. ಉಕ್ರೇನ್‌ನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲೇ ಅಡಗಿ ಬಂದು, ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನ ಟರ್ಮಿನಲ್ ಒಂದನ್ನೂ ನಿಲ್ಲಿಸಿತು. ಹಣ ಕೊಟ್ಟರೂ ಫೈಲ್ ವಾಪಸ್ ಬರೋ ಹಾಗಿರಲಿಲ್ಲ.

2021ರಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ನುಗ್ಗಲು ಇಷ್ಟೂ ಬೇಕಾಗಲಿಲ್ಲ. ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಸೇರಲು ಬಳಸುವ ವಿಪಿಎನ್‌ನಲ್ಲಿ, ಬಳಕೆ ನಿಂತಿದ್ದ ಖಾತೆಯೊಂದರ ಪಾಸ್‌ವರ್ಡ್ ಸಿಕ್ಕಿತು, ಒಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ತೆತ್ತಿತು.

ಈಗಿನ ಗುಂಪುಗಳು ಒಳಗೆ ಬಂದ ಕೂಡಲೇ ಬೀಗ ಹಾಕಲ್ಲ. ಅಡ್ಮಿನ್ ಪಾಸ್‌ವರ್ಡ್ ಹುಡುಕುತ್ತಾರೆ, ಡೇಟಾ ಹೊರಗೆ ಸಾಗಿಸುತ್ತಾರೆ, ಅದೇ ನೆಟ್‌ವರ್ಕ್‌ಗೆ ಜೋಡಿಸಿಟ್ಟ ಬ್ಯಾಕಪ್ ಸಿಕ್ಕರೆ ಮೊದಲು ಅದನ್ನೇ ಅಳಿಸುತ್ತಾರೆ.