ದಿನಕ್ಕೆ ಎರಡೇ ಉಗುರು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಪೆರ್ಲದ ಕಡೆಯಿಂದ ಹಿರಿಯರೊಬ್ಬರು ತರಕಾರಿ ಬುಟ್ಟಿಯ ಬಾಯಿಗೆ ಬೈರಾಸು ಬಿಗಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಬುಟ್ಟಿಯೊಳಗೆ ಹದಿನಾಲ್ಕು ವರ್ಷದ ಬೂದು ಬಣ್ಣದ ಹೆಣ್ಣು ಬೆಕ್ಕು. "ಡಾಕ್ಟರೇ, ಮುಂದಿನ ಬಲಗಾಲಿಗೆ ಮುಳ್ಳು ಹೊಕ್ಕಿದೆ. ನಾಲ್ಕು ದಿನವಾಯಿತು, ಕಾಲು ಊರುವುದಿಲ್ಲ" ಎಂದರು. ಪಾದ ತಿರುಗಿಸುವ ಮೊದಲೇ ಕೀವಿನ ವಾಸನೆ ಮೂಗಿಗೆ ಬಡಿಯಿತು. ರೋಮ ಸರಿಸಿ ನೋಡಿದರೆ ಮುಳ್ಳು ಎಲ್ಲಿಯೂ ಇಲ್ಲ. ಹೆಬ್ಬೆರಳಿನ ಉಗುರು ಬೆಳೆದು, ಬಳೆಯಂತೆ ಸುತ್ತಿ ಬಂದು, ಅದೇ ಬೆರಳಿನ ಮೆತ್ತೆಯೊಳಗೆ ನಾಟಿಕೊಂಡಿತ್ತು.

ಬಳೆಯನ್ನು ನಡುವೆ ತುಂಡರಿಸಿ, ಮಾಂಸದೊಳಗಿದ್ದ ತುದಿಯನ್ನು ಚಿಮಟದಿಂದ ಎಳೆದೆ. ಬೆಕ್ಕು ಒಮ್ಮೆ ಕೂಗಿತು, ಆಮೇಲೆ ಸುಮ್ಮನಾಯಿತು. "ಮುಳ್ಳು ಅದರದೇ, ಅಮ್ಮ" ಎಂದು ಆ ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಬೆಕ್ಕಿನ ಉಗುರನ್ನೂ ನೋಡಿಕೊಳ್ಳಬೇಕು ಎಂದು ನಮಗೆ ಯಾರೂ ಹೇಳಲಿಲ್ಲವಲ್ಲ" ಎಂದರು. ಎರಡು ವರ್ಷದ ಹಿಂದೆ ಆ ಬೆಕ್ಕಿಗೆ ರೇಬಿಸ್ ಲಸಿಕೆ ಚುಚ್ಚಿದವನು ನಾನೇ. ನಾನೂ ಹೇಳಿರಲಿಲ್ಲ. ಹಾಗಾಗಿ ಈ ಅಂಕಣ.

ಮೊದಲು ಒಂದು ವಿಷಯ. ಎಲ್ಲ ಬೆಕ್ಕುಗಳಿಗೂ ಉಗುರು ತೆಗೆಯಬೇಕಾಗಿಲ್ಲ. ಹಗಲಿಡೀ ತೋಟದಲ್ಲಿ ತಿರುಗುವ, ತೆಂಗಿನ ಮರ ಹತ್ತುವ, ಅಡಿಕೆ ಅಟ್ಟದಲ್ಲಿ ಇಲಿ ಹಿಡಿಯುವ ಬೆಕ್ಕಿಗೆ ಉಗುರೇ ಕತ್ತಿ, ಉಗುರೇ ಏಣಿ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಮರಕ್ಕೆ ಹಾರಿ ಕಚ್ಚಿಕೊಳ್ಳಲು ಅದಕ್ಕೆ ಬೇರೆ ದಾರಿಯಿಲ್ಲ. ಅಂಥದ್ದರ ಉಗುರು ಮೊಂಡು ಮಾಡಿ ಹೊರಗೆ ಬಿಡುವುದು ಅನ್ಯಾಯ. ಕತ್ತರಿ ಬೇಕಾಗಿರುವುದು ಮನೆಯೊಳಗೇ ಬದುಕುವ ಬೆಕ್ಕಿಗೆ ಮತ್ತು ಮುದಿ ಬೆಕ್ಕಿಗೆ. ಉಪ್ಪಳ, ಕುಂಬಳೆಯ ಕಡೆ ಈಗ ಪರ್ಷಿಯನ್ ಬೆಕ್ಕು ಸಾಕುವವರು ಹೆಚ್ಚಾಗಿದ್ದಾರೆ. ಟೈಲ್ಸ್ ನೆಲ, ಸೋಫಾ, ಮುಚ್ಚಿದ ಬಾಗಿಲು; ಉಗುರು ಸವೆಯುವುದಾದರೂ ಎಲ್ಲಿ? ಮುದಿ ಬೆಕ್ಕಿನದು ಇನ್ನೊಂದು ಕಥೆ. ಗಂಟುನೋವಿನಿಂದ ಕಂಬ ಕೆರೆಯುವುದನ್ನೇ ನಿಲ್ಲಿಸುತ್ತದೆ, ಉಗುರು ದಪ್ಪವಾಗುತ್ತದೆ, ಒಳಗೆ ಸರಿಯಾಗಿ ಮಡಚಿಕೊಳ್ಳುವುದೂ ಇಲ್ಲ. ನಡೆಯುವಾಗ ನೆಲದ ಮೇಲೆ ಟಕ್ ಟಕ್ ಎಂದು ಸದ್ದು ಕೇಳಿದರೆ, ಚಾಪೆಗೆ, ಸೀರೆಗೆ ಉಗುರು ಸಿಕ್ಕಿಕೊಂಡರೆ ಹೊತ್ತಾಯಿತೆಂದೇ ಲೆಕ್ಕ. ನಮ್ಮಲ್ಲಿ ಆಟಿ ತಿಂಗಳ ಜಡಿಮಳೆಗೆ ತೋಟದ ಬೆಕ್ಕೂ ಜಗಲಿ ಬಿಟ್ಟು ಇಳಿಯುವುದಿಲ್ಲ. ಆಗ ಅದರ ಪಾದವನ್ನೂ ಒಮ್ಮೆ ನೋಡಿರಿ.

ಬೆಕ್ಕಿಗೆ ಸಾಮಾನ್ಯವಾಗಿ 18 ಉಗುರು. ಮುಂದಿನ ಕಾಲಿಗೆ ಐದೈದು, ಹಿಂದಿನ ಕಾಲಿಗೆ ನಾಲ್ಕು ನಾಲ್ಕು. ಮುಂದಿನ ಐದರಲ್ಲಿ ಒಂದು ಒಳಬದಿಯಲ್ಲಿ, ಉಳಿದವಕ್ಕಿಂತ ಮೇಲೆ ಇರುತ್ತದೆ. ಅದೇ ಹೆಬ್ಬೆರಳು. ನೆಲಕ್ಕೆ ತಾಗದ್ದರಿಂದ ಸವೆಯುವುದಿಲ್ಲ. ಪೆರ್ಲದ ಬೆಕ್ಕಿಗೆ ಕಾಟ ಕೊಟ್ಟದ್ದು ಇದು. ನೀವು ಬೇರೆ ಯಾವುದನ್ನು ಮರೆತರೂ ಈ ಎರಡನ್ನು ಮರೆಯಬಾರದು.

ಉಗುರು ಬೆಳೆಯುವ ರೀತಿಯೂ ನಮ್ಮದರಂತಲ್ಲ. ಈರುಳ್ಳಿಯ ಹಾಗೆ ಪದರ ಪದರ. ಒಳಗೆ ಹೊಸದು ಬಂದಂತೆ ಹೊರಗಿನ ಹಳೆಯ ಕವಚ ಸಡಿಲವಾಗುತ್ತದೆ. ಕಂಬ ಕೆರೆದಾಗ ಅದು ಕಳಚಿ ಬೀಳುತ್ತದೆ. ಗೋಣಿಯ ಬಳಿ ಬಿದ್ದ ಈ ಟೊಳ್ಳು ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿಕೊಂಡು "ಉಗುರೇ ಉದುರಿಹೋಯಿತು ಡಾಕ್ಟರೇ" ಎಂದು ಗಾಬರಿಯಿಂದ ಬರುವವರು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಇರುತ್ತಾರೆ. ಗಾಬರಿ ಬೇಡ, ಅದು ಹಾವು ಪೊರೆ ಬಿಟ್ಟಂತೆ. ಇನ್ನು, ಉಗುರು ಒಳಗೆ ಮಡಚಿರುವುದೇ ಅದರ ವಿಶ್ರಾಂತಿಯ ಸ್ಥಿತಿ. ಬೆರಳಿನ ಕೊನೆಯ ಮೂಳೆಯನ್ನು ಸ್ಥಿತಿಸ್ಥಾಪಕ ತಂತುಗಳು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಬೇಕೆನಿಸಿದಾಗ ಬೆಕ್ಕು ಸ್ನಾಯು ಬಿಗಿದು ಹೊರಗೆ ಚಾಚುತ್ತದೆ. ನಾವು ಬೆರಳನ್ನು ಮೇಲಿನಿಂದಲೂ ಕೆಳಗಿನಿಂದಲೂ ಮೆತ್ತಗೆ ಒತ್ತಿದರೆ ಅದೇ ಕೆಲಸವಾಗುತ್ತದೆ. ಬಟಾಣಿಯ ಸಿಪ್ಪೆ ಬಿಡಿಸಲು ಎಷ್ಟು ಒತ್ತುತ್ತೇವೋ ಅಷ್ಟು ಸಾಕು.

ಹೊರಬಂದ ಉಗುರನ್ನು ಬೆಳಕಿಗೆ ಹಿಡಿಯಿರಿ. ಹೆಚ್ಚಿನ ಬೆಕ್ಕುಗಳ ಉಗುರು ಗಾಜಿನಂತೆ ಪಾರದರ್ಶಕ. ಬುಡದಿಂದ ಗುಲಾಬಿ ಬಣ್ಣದ ತ್ರಿಕೋನವೊಂದು ಒಳಗೆ ಚಾಚಿರುವುದು ಕಾಣುತ್ತದೆ. ಅಲ್ಲಿ ರಕ್ತನಾಳವೂ ಇದೆ, ನರವೂ ಇದೆ. ನಾನು ಅದನ್ನು 'ಜೀವ' ಎನ್ನುತ್ತೇನೆ. ಮನೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಜೀವದಿಂದ ಎರಡು ಮಿಲಿಮೀಟರ್ ಮುಂದೆ ಬಿಟ್ಟು, ದೋಟಿಯ ಕತ್ತಿಯಂತೆ ಬಾಗಿದ ಆ ಚೂಪು ತುದಿಯನ್ನಷ್ಟೇ ತೆಗೆಯಬೇಕು. ಬಿದ್ದ ಚೂರು ಅಕ್ಕಿಯ ನುಚ್ಚಿನಷ್ಟಿದ್ದರೆ ನೀವು ಸರಿಯಾಗಿ ಮಾಡಿದ್ದೀರಿ. ಉಗುರು ಕಪ್ಪಾಗಿದ್ದು ಜೀವ ಕಾಣದಿದ್ದರೆ ಸೂಜಿಮೊನೆಯಂತಿರುವ ಭಾಗಕ್ಕಿಂತ ಒಳಕ್ಕೆ ಹೋಗಬೇಡಿ.

ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು, ದೀಪ ಹಚ್ಚಿದ ಮೇಲಂತೂ ಕೂಡದೇ ಕೂಡದು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಗದರುತ್ತಿದ್ದರಲ್ಲ, ವಾರದ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ದೀಪದ ಬಗ್ಗೆ ಇದೆ. ಬೆಕ್ಕಿನ ವಿಷಯದಲ್ಲಿ ಅದನ್ನು ಪಾಲಿಸಿರಿ. ಸಂಜೆಯ ಬಲ್ಬಿನ ಹಳದಿ ಬೆಳಕಿನಲ್ಲಿ ಗುಲಾಬಿ ಬಣ್ಣ ಮಾಸಿ ಹೋಗುತ್ತದೆ. ಹತ್ತು ಗಂಟೆಯ ಬಿಸಿಲು ಬೀಳುವ ಜಗಲಿಗಿಂತ ಒಳ್ಳೆಯ ಜಾಗ ಇಲ್ಲ.

ಕತ್ತರಿಯ ಬಗ್ಗೆ ಎರಡು ಮಾತು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಅಲಗಿನಲ್ಲಿ ಅರ್ಧಚಂದ್ರದ ಕಚ್ಚು ಇರುವ ಪುಟ್ಟ ಕತ್ತರಿ ಸಿಗುತ್ತದೆ. ಅದೇ ಒಳ್ಳೆಯದು. ಮನುಷ್ಯರ ನೈಲ್ ಕಟ್ಟರ್ ಮರಿಗಳ ತೆಳು ಉಗುರಿಗೆ ನಡೆಯುತ್ತದೆ. ಆದರೆ ಬೆಕ್ಕಿನ ಉಗುರು ಅಕ್ಕಪಕ್ಕದಿಂದ ಚಪ್ಪಟೆ ಎಂಬುದನ್ನು ನೆನಪಿಡಿ. ಎರಡು ಪಕ್ಕಗಳಿಂದ ಹಿಸುಕಿದರೆ ಸೀಳುತ್ತದೆ, ಅಲಗು ಮೇಲಿನಿಂದ ಕೆಳಕ್ಕೆ ಬರಬೇಕು. ಅಲಗು ಮೊಂಡಾಗಿದ್ದರೆ ಕತ್ತರಿಸುವ ಬದಲು ಜಜ್ಜುತ್ತದೆ. ಎಲೆಯಡಿಕೆಯ ತಟ್ಟೆಯಲ್ಲಿದ್ದ ಅಡಕತ್ತರಿಯನ್ನೇ ಪ್ರಯೋಗಿಸಿ, ನಾಲ್ಕು ಉಗುರು ಸೀಳಿಸಿಕೊಂಡು ಬಂದ ಬೆಕ್ಕನ್ನು ನಾನು ಕಂಡಿದ್ದೇನೆ. ಅದರ ಯಜಮಾನರ ಮೊಣಕೈವರೆಗೂ ಗೀರುಗಳಿದ್ದವು, ನನಗೆ ಕನಿಕರವಾದದ್ದು ಬೆಕ್ಕಿನ ಮೇಲೆಯೇ.

ಈಗ ಕಷ್ಟದ ಭಾಗ. ಉಗುರು ಕತ್ತರಿಸುವುದು ಅರ್ಧ ಕ್ಷಣದ ಕೆಲಸ, ಪಾದ ಮುಟ್ಟಿಸಿಕೊಳ್ಳಲು ಬೆಕ್ಕನ್ನು ಒಪ್ಪಿಸುವುದು ಎರಡು ವಾರದ್ದು. ಹೆಚ್ಚಿನವರು ಸೋಲುವುದು ಇಲ್ಲಿ. ಭಾನುವಾರ ಬಿಡುವಾದಾಗ ನಾಲ್ಕು ಜನ ಸೇರಿ ಬೆಕ್ಕನ್ನು ಅದುಮಿ ಹಿಡಿದು ಹದಿನೆಂಟನ್ನೂ ಒಂದೇ ಸಲ ಮುಗಿಸಿಬಿಡುವ ಯೋಜನೆ ಹಾಕುತ್ತಾರೆ. ಮೂರನೆಯದಕ್ಕೆ ಯುದ್ಧ ಶುರು. ಮುಂದಿನ ಭಾನುವಾರ ಕತ್ತರಿಯ ಡಬ್ಬಿ ತೆರೆದ ಸದ್ದಿಗೇ ಬೆಕ್ಕು ಹಂಚಿನ ಮೇಲೆ.

ನಾನು ಹೇಳುವ ದಾರಿ ನಿಧಾನದ್ದು. ಊಟ ಮಾಡಿ ತೂಕಡಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ತಲೆ ನೇವರಿಸಿ, ಹಾಗೆಯೇ ಕೈಯನ್ನು ಭುಜದಿಂದ ಪಾದಕ್ಕೆ ಜಾರಿಸಿ. ಒಂದು ಬೆರಳು ಒತ್ತಿ, ಬಿಡಿ. ಬಾಯಿಗೆ ಏನಾದರೂ ಕೊಡಿ. ಮೀನು ತಿನ್ನುವ ಮನೆಯಾದರೆ ಬೇಯಿಸಿದ ಬೂತಾಯಿಯ ಮುಳ್ಳು ತೆಗೆದ ಚೂರು, ಇಲ್ಲದಿದ್ದರೆ ಬೆರಳ ತುದಿಯಲ್ಲಿ ತುಸು ತುಪ್ಪ. ನಾಲ್ಕೈದು ದಿನ ಇಷ್ಟೇ. ಆಮೇಲೆ ಕತ್ತರಿಯನ್ನು ತಂದು ಪಕ್ಕದಲ್ಲಿಡಿ, ಮೂಸಲಿ. ಒಣ ಶ್ಯಾವಿಗೆಯ ಎಳೆಯೊಂದನ್ನು ಅದರ ಎದುರೇ ಕತ್ತರಿಸಿ ಆ 'ಕಟಕ್' ಸದ್ದನ್ನು ಕೇಳಿಸಿ, ಮತ್ತೆ ತಿಂಡಿ. ಸದ್ದಿಗೂ ತುಪ್ಪಕ್ಕೂ ನಂಟು ಬೆಳೆದ ಮೇಲೆ ಒಂದು ಉಗುರು ತೆಗೆಯಿರಿ. ಸುಮ್ಮನಿದ್ದರೆ ಇನ್ನೊಂದು. ಅಲ್ಲಿಗೆ ಆ ದಿನದ ಲೆಕ್ಕ ಮುಗಿಯಿತು. ಬೆಕ್ಕು ಇನ್ನೂ ಸಿದ್ಧವಾಗಿದೆ ಎನಿಸಿದರೂ ನಿಲ್ಲಿಸಿ. ದಿನಕ್ಕೆ ಎರಡರಂತೆ ಒಂಬತ್ತು ದಿನಕ್ಕೆ ಹದಿನೆಂಟೂ ಆಗುತ್ತದೆ. ಹಿಂದಿನ ಕಾಲಿನದು ತಾನಾಗಿ ಸವೆಯುವುದೇ ಹೆಚ್ಚಾದ್ದರಿಂದ ಹಲವರಿಗೆ ಐದೇ ದಿನ ಸಾಕಾಗುತ್ತದೆ. ಎರಡು, ಮೂರು ವಾರ ಬಿಟ್ಟು ಮತ್ತೆ ಆರಂಭಿಸಿದರಾಯಿತು.

ಕುಳಿತುಕೊಳ್ಳುವ ಭಂಗಿ ಹೀಗಿರಲಿ: ನೆಲದ ಮೇಲೆ ನೀವು, ಮಡಿಲಲ್ಲಿ ಬೆಕ್ಕು, ಅದರ ಬೆನ್ನು ನಿಮ್ಮ ಹೊಟ್ಟೆಗೆ, ಮುಖ ಅತ್ತ ಕಡೆಗೆ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆಕ್ಕಿನ ಭಾಷೆಯಲ್ಲಿ ಅದು ಜಗಳಕ್ಕೆ ಕರೆದಂತೆ. ಚಡಪಡಿಸುವಂಥದ್ದಾದರೆ ಹಳೆಯ ಬೈರಾಸನ್ನು ಸಡಿಲವಾಗಿ ಸುತ್ತಿ, ಒಂದೊಂದೇ ಕಾಲನ್ನು ಹೊರಗೆ ತೆಗೆಯಿರಿ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ಮಾತ್ರ ಬೇಡ. ಮಾರ್ಜಾಲಕಿಶೋರ ನ್ಯಾಯದ ಮಾತನ್ನು ನಾವೆಲ್ಲ ಹರಿಕಥೆಯಲ್ಲಿ ಕೇಳಿದವರೇ: ತಾಯಿ ಕಚ್ಚಿ ಎತ್ತಿಕೊಂಡರೆ ಮರಿ ನಿಶ್ಚಿಂತೆಯಿಂದ ಜೋತಾಡುತ್ತದೆ. ಅದು ಕೆಲವು ವಾರಗಳ ಮರಿಯ ಮಾತು. ನಾಲ್ಕು ಕಿಲೋ ತೂಗುವ ದೊಡ್ಡ ಬೆಕ್ಕನ್ನು ಹಾಗೆ ಎತ್ತಿದರೆ ಅದಕ್ಕೆ ನೋವೂ ಆಗುತ್ತದೆ, ಭಯವೂ ಆಗುತ್ತದೆ. ಬಾಲದ ತುದಿ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಒರಗಿದರೆ ಅದು ನಿಮಗೆ ಕೊಟ್ಟ ನೋಟಿಸು. ಬಿಟ್ಟುಬಿಡಿ. ನನ್ನ ಮೇಜಿನ ಸುತ್ತ ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ ಎಂದು ಎಲ್ಲರೂ ಅವರವರ ಮಾತಿನಲ್ಲಿ ಓಲೈಸುತ್ತಾರೆ, ಬೆಕ್ಕಿನ ಬಾಲ ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ.

ಎಷ್ಟು ಎಚ್ಚರವಿದ್ದರೂ ಒಮ್ಮೆ ಜೀವಕ್ಕೆ ತಾಗೀತು. ನನಗೂ ಆಗಿದೆ. ವೃತ್ತಿಗೆ ಇಳಿದ ಮೊದಲ ವರ್ಷ, ಒಂದು ಮನೆಯ ಚಾವಡಿಯಲ್ಲಿ, ಆ ಮನೆಯ ಮಗುವಿಗೆ ತೋರಿಸಿಕೊಡುವ ಉತ್ಸಾಹದಲ್ಲಿ ಕತ್ತರಿಯನ್ನು ತುಸು ಒಳಗೆ ಇಟ್ಟೆ. ಬಿಳಿ ಬೆಕ್ಕು, ಕೆಂಪು ಹನಿ ಪಾದದ ರೋಮಕ್ಕೆ ಹರಡಿದ್ದು ಇಡೀ ಮನೆಗೇ ಕಂಡಿತು. ಮುಂದೆ ಎರಡು ವರ್ಷ ನನ್ನ ಬೈಕಿನ ಸದ್ದು ಕೇಳಿದರೆ ಆ ಬೆಕ್ಕು ಹಟ್ಟಿಯ ಅಟ್ಟ ಸೇರುತ್ತಿತ್ತು.

ಹಾಗಾದಾಗ ಮಾಡಬೇಕಾದದ್ದು ಸ್ವಲ್ಪವೇ. ಬಾಟಲಿಯ ಮುಚ್ಚಳದಲ್ಲಿ ಮೊದಲೇ ಕಾರ್ನ್‌ಫ್ಲೋರ್ ಹಾಕಿಟ್ಟುಕೊಳ್ಳಿ. ಉಗುರಿನ ತುದಿಯನ್ನು ಅದರಲ್ಲಿ ಅದ್ದಿ, ಹತ್ತಿಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಒರೆಸಿ ನೋಡಿದರೆ ಕಟ್ಟಿದ ಹೆಪ್ಪೂ ಕಿತ್ತು ಬರುತ್ತದೆ. ಕ್ಷೌರದಂಗಡಿಯ ಪಟಿಕವೂ ರಕ್ತ ನಿಲ್ಲಿಸುತ್ತದೆ, ಆದರೆ ಉರಿಯುತ್ತದೆ. ಒಂದನ್ನು ಮಾತ್ರ ಎಂದಿಗೂ ಹಚ್ಚಬೇಡಿ: ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಗಾಯದ ದ್ರಾವಣ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು, ಪಾದಕ್ಕೆ ಹಚ್ಚಿದ್ದನ್ನು ಅದು ನೆಕ್ಕದೆ ಬಿಡುವುದೂ ಇಲ್ಲ. ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಹದಿನೈದು ನಿಮಿಷವಾದರೂ ರಕ್ತ ನಿಲ್ಲದಿದ್ದರೆ? ನಮ್ಮ ಕಡೆಯ ಮನೆಯವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಇಲಿ ಪಾಷಾಣ ಇಟ್ಟಿದ್ದೀರಾ?" ಅಡಿಕೆ ಅಟ್ಟಕ್ಕೂ ಕೊಕ್ಕೊ ತೋಟಕ್ಕೂ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಗಳು ಇಲಿಯನ್ನು ಆ ಕ್ಷಣಕ್ಕೆ ಕೊಲ್ಲುವುದಿಲ್ಲ. ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಬಂದು, ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಲವು ದಿನಗಳಲ್ಲಿ ಕಳೆಯುತ್ತವೆ. ಆ ನಡುವೆ ಓಲಾಡುತ್ತಾ ತಿರುಗುವ ಇಲಿ ಬೆಕ್ಕಿಗೆ ಸುಲಭದ ತುತ್ತು, ಅದರೊಂದಿಗೆ ವಿಷವೂ ಹೊಟ್ಟೆ ಸೇರುತ್ತದೆ. ಹೊರಗೆ ಏನೂ ಕಾಣದ ಬೆಕ್ಕಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಉಗುರಿನ ಒಂದು ಹನಿ ಹೇಳಿಬಿಡುತ್ತದೆ. ಒಸಡು ಬಿಳುಚಿದೆಯೇ ನೋಡಿ, ಕೂಡಲೇ ಮೃಗಾಸ್ಪತ್ರೆಗೆ ತನ್ನಿರಿ. ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು, ಚಿಕಿತ್ಸೆ ವಾರಗಟ್ಟಲೆ ಬೇಕು.

ನಿಮ್ಮ ಕೈಗೆ ಗೀರು ಬಿದ್ದರೆ ಬೆಕ್ಕನ್ನು ಬಿಟ್ಟು ಮೊದಲು ನಳದ ಬಳಿಗೆ ಹೋಗಿ. ಹರಿಯುವ ನೀರು, ಸೋಪು, 15 ನಿಮಿಷ. ಅರಸಿನ, ಕಾಫಿಪುಡಿ ಮೆತ್ತಬೇಡಿ. ಪಾದ ನೆಕ್ಕುವ ಪ್ರಾಣಿಯ ಉಗುರಿನಲ್ಲಿ ಜೊಲ್ಲು ಇದ್ದೇ ಇರುತ್ತದೆ. ಅದು ಮನೆಯದೇ ಬೆಕ್ಕಾದರೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸಿ. ಲಸಿಕೆ ಬೇಕೆಂದರೆ ವೈದ್ಯರು ಹೇಳಿದ ದಿನಗಳಲ್ಲಿ (ಚರ್ಮದೊಳಗೆ ಚುಚ್ಚುವ ಕ್ರಮವಾದರೆ 0, 3, 7, 28) ಒಂದನ್ನೂ ತಪ್ಪಿಸಬೇಡಿ. ಮರಿಗೆ ಮೂರು ತಿಂಗಳು ತುಂಬಿದೊಡನೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಅದಾಗದೆ ಕತ್ತರಿ ಕೈಗೆತ್ತಿಕೊಳ್ಳಲೇಬೇಡಿ.

"ಉಗುರನ್ನು ಬುಡಸಮೇತ ತೆಗೆಸಬಹುದಂತಲ್ಲ?" ಎಂದು ಸೋಫಾ ಹರಿದವರು ಕೇಳುತ್ತಾರೆ. ಅದು ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ನಾನು ಮಾಡುವುದಿಲ್ಲ. ಸೋಫಾ ಉಳಿಯಬೇಕಾದರೆ ಮೂರಡಿ ಎತ್ತರದ ಅಡಿಕೆ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಅಲುಗದಂತೆ ನಿಲ್ಲಿಸಿ, ಬೆಕ್ಕು ಮಲಗುವ ಜಾಗದ ಪಕ್ಕದಲ್ಲೇ ಇಡಿ. ನಿದ್ದೆಯಿಂದ ಎದ್ದ ಕೂಡಲೇ ಮೈಮುರಿದು ಕೆರೆಯುವುದು ಅದರ ಅಭ್ಯಾಸ. ಮೂಲೆಯಲ್ಲಿಟ್ಟರೆ ಉಪಯೋಗವಿಲ್ಲ.

ಪೆರ್ಲದ ಆ ಅಮ್ಮ ಮೊನ್ನೆ ಮತ್ತೆ ಬಂದಿದ್ದರು, ಹಸುವಿನ ಔಷಧಕ್ಕೆ. ಬೆಕ್ಕಿನ ಕಾಲು ಹೇಗಿದೆ ಎಂದು ಕೇಳಿದೆ. ಗಾಯ ಮಾಗಿದೆಯಂತೆ. ಎರಡು ಹೆಬ್ಬೆರಳಿನ ಉಗುರನ್ನು ಅವರೇ ತೆಗೆಯುತ್ತಾರಂತೆ, ಪ್ರತಿ ಏಕಾದಶಿಗೆ. "ತಾರೀಕು ನನಗೆ ನೆನಪಿರುವುದಿಲ್ಲ ಡಾಕ್ಟರೇ, ತಿಥಿ ತಪ್ಪುವುದಿಲ್ಲ. ಅವತ್ತು ಅಡುಗೆ ಕೆಲಸವೂ ಕಡಿಮೆ" ಎಂದರು. ಬೆಕ್ಕಿಗೂ ಏಕಾದಶಿಯ ಗುರುತು ಹತ್ತಿದೆ, ಹತ್ತು ಗಂಟೆಗೆ ತಾನೇ ಜಗಲಿಗೆ ಬಂದು ಕುಳಿತುಕೊಳ್ಳುತ್ತದೆ ಎಂದು ನಕ್ಕರು. ಅವರಿಗೆ ಉಪವಾಸ, ಅದಕ್ಕೆ ತುಪ್ಪ.